ನೆಲ ಕಾಣುವ ವಿದ್ಯೆ: ಸಾಗರಯಾನದ ಕೊನೆಯ ಹಂತ ಬೆಳೆದ ಬಗೆ

ವಾರಗಟ್ಟಲೆ ತೆರೆದ ಕಡಲಿನಲ್ಲಿ ಸಾಗಿದ ಹಾಯಿಹಡಗು ನೆಲವನ್ನು ಮೊದಲು ಕಾಣುವುದು, ಕಂಡ ನೆಲ ಯಾವುದೆಂದು ಗುರುತಿಸುವುದು, ಬಳಿಕ ಅಪಾಯವಿಲ್ಲದೆ ದಡ ಸೇರುವುದು, ಈ ಮೂರೂ ಕೂಡಿದ ಕೆಲಸವನ್ನು ನೌಕಾಯಾನದೊಳಗಿನ ಒಂದು ಪ್ರತ್ಯೇಕ ವಿದ್ಯೆಯೆಂದೇ ಎಣಿಸಬೇಕು. ನಡುಗಡಲಿನಲ್ಲಿ ಸ್ಥಾನದ ಲೆಕ್ಕ ನೂರು ಕಿಲೋಮೀಟರ್ ತಪ್ಪಿದರೂ ಹಡಗಿಗೆ ಕೂಡಲೇ ಕೇಡಿಲ್ಲ. ಅದೇ ತಪ್ಪು ಕರಾವಳಿಯ ಬಳಿ ಹಡಗನ್ನು ಬಂಡೆಗೆ ಒಯ್ದು ಬಡಿಯುತ್ತದೆ. ಉಪಕರಣಗಳು ಒಂದಕ್ಕಿಂತ ಒಂದು ನಿಖರವಾಗುತ್ತ ಬಂದುದೇ ಈ ವಿದ್ಯೆಯ ಚರಿತ್ರೆಯೆಂದು ಹೇಳುವುದು ವಾಡಿಕೆಯಾದರೂ, ಲೆಕ್ಕದಲ್ಲಿ ಉಳಿದೇ ಉಳಿಯುವ ತಪ್ಪನ್ನು ನಾವಿಕರು ಹೇಗೆ ನಿಭಾಯಿಸಿದರೆಂಬುದನ್ನು ಹಿಡಿದು ಹೊರಟರೆ ಆ ಚರಿತ್ರೆ ಇನ್ನಷ್ಟು ಸ್ಪಷ್ಟವಾಗುತ್ತದೆ.

ಹಿಂದೂ ಮಹಾಸಾಗರದಲ್ಲಿ ದಾಖಲಾಗಿರುವ ಹಳೆಯ ಉಪಾಯಗಳಲ್ಲಿ ಒಂದು ಹಕ್ಕಿಯದು. ವರ್ತಕರು ದಡ ಕಾಣುವ ಹಕ್ಕಿಯೊಂದನ್ನು ಹಡಗಿನಲ್ಲಿ ಒಯ್ದು ನೆಲ ಕಾಣದಾಗ ಹಾರಿಬಿಡುತ್ತಿದ್ದರೆಂದೂ, ಅದಕ್ಕೆ ನೆಲ ಕಂಡರೆ ಅತ್ತಲೇ ಹೋಗಿ, ಕಾಣದಿದ್ದರೆ ಹಡಗಿಗೇ ಮರಳುತ್ತಿತ್ತೆಂದೂ ದೀಘನಿಕಾಯದಲ್ಲಿ ಹೇಳಿದೆ. ಸಿಂಹಳದ ನಾವಿಕರ ಬಗ್ಗೆ ರೋಮಿನ ಪ್ಲಿನಿಯೂ ಇಂಥದೇ ಮಾತನ್ನು ಬರೆದಿದ್ದಾನೆ. ಕ್ರಿ.ಶ. 1ನೇ ಶತಮಾನದ ಗ್ರೀಕ್ ನೌಕಾ ಕೈಪಿಡಿಯಾದ ‘ಪೆರಿಪ್ಲಸ್’ ಭಾರತದ ಪಶ್ಚಿಮ ಕರಾವಳಿ ಹತ್ತಿರವಾಯಿತೆಂಬುದಕ್ಕೆ ನೀರಿನಲ್ಲಿ ಎದುರಾಗುವ ಹಾವುಗಳನ್ನು ಗುರುತಾಗಿ ಕೊಡುತ್ತದೆ. ಸಮುದ್ರದ ಹಾವುಗಳಲ್ಲಿ ಹೆಚ್ಚಿನವು ಆಳ ಕಡಿಮೆಯಿರುವ ಕರೆನೀರಿನವಾದ್ದರಿಂದ ಈ ಗುರುತನ್ನು ಬರಿಯ ನಂಬಿಕೆಯೆಂದು ತಳ್ಳಿಹಾಕುವಂತಿಲ್ಲ. ಇವೆಲ್ಲಕ್ಕಿಂತ ದೊಡ್ಡ ಅನುಕೂಲವೆಂದರೆ ಕರಾವಳಿಯ ಬೆನ್ನಿಗೆ ಗೋಡೆ ಕಟ್ಟಿದಂತೆ ನಿಂತ ಘಟ್ಟದ ಸಾಲು. ಕಣ್ಣೂರಿನ ಉತ್ತರಕ್ಕಿರುವ ಏಳಿಮಲೆಯಾಗಲಿ, ಕಡಲಿನಿಂದ ಕುದುರೆಯ ಮುಖದಂತೆ ತೋರುವ ಕುದುರೆಮುಖದ ಶಿಖರವಾಗಲಿ, ತಾನು ಯಾವ ಬಂದರಿನ ಎದುರಿಗಿದ್ದೇನೆಂಬುದನ್ನು ನಾವಿಕನಿಗೆ ತಿಳಿಸಿಕೊಡುತ್ತಿದ್ದವು. 1498ರ ಏಪ್ರಿಲ್ 24ರಂದು ಮಾಲಿಂದಿಯಿಂದ ಸ್ಥಳೀಯ ಮಾರ್ಗದರ್ಶಿಯೊಡನೆ ಹೊರಟ ವಾಸ್ಕೋ ಡ ಗಾಮನ ಹಡಗುಗಳಿಗೆ ಮೇ 18ರಂದು ಮೊದಲು ಕಂಡದ್ದು ಎತ್ತರದ ಬೆಟ್ಟಗಳೇ. ಮರಳುವಾಗ ಆತ ಗಾಳಿಯ ಕಾಲವನ್ನು ಲೆಕ್ಕಿಸದೆ ಅಕ್ಟೋಬರ್ ಮೊದಲ ವಾರದಲ್ಲೇ ಕಾರವಾರದ ಬಳಿಯ ಅಂಜದೀವ್ ದ್ವೀಪವನ್ನು ಬಿಟ್ಟನು. ಆಫ್ರಿಕದ ನೆಲ ಕಾಣಲು ಸುಮಾರು ಮೂರು ತಿಂಗಳು ಹಿಡಿದು, ಅಷ್ಟರಲ್ಲಿ ಸುಮಾರು 30 ಮಂದಿ ಸ್ಕರ್ವಿಯಿಂದ, ಅಂದರೆ ತಾಜಾ ಆಹಾರವಿಲ್ಲದೆ ಬರುವ ರೋಗದಿಂದ, ಸತ್ತಿದ್ದರು.

ಬೇಕಾದ ಬಂದರಿಗೇ ನೇರವಾಗಿ ಬರಲು ಅರಬ್ ನಾವಿಕರು ‘ಕಮಾಲ್’ ಎಂಬ ಚಿಕ್ಕ ಮರದ ಹಲಗೆಯನ್ನು ಬಳಸುತ್ತಿದ್ದರು. ಹಲಗೆಯ ನಡುವಿನಿಂದ ಹೊರಟ ದಾರದ ಗಂಟೊಂದನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯನ್ನು ಮುಂದಕ್ಕೆ ಹಿಡಿದಾಗ ಅದರ ಕೆಳ ಅಂಚು ದಿಗಂತಕ್ಕೂ ಮೇಲಂಚು ಧ್ರುವನಕ್ಷತ್ರಕ್ಕೂ ತಾಗಿದರೆ, ಆ ಗಂಟು ಸೂಚಿಸುವ ಬಂದರಿನ ಅಕ್ಷಾಂಶವನ್ನು ಹಡಗು ಮುಟ್ಟಿದೆಯೆಂದು ಅರ್ಥ. ಯುರೋಪಿನವರೂ ಬೇರೆ ಉಪಕರಣಗಳಿಂದ ಇದನ್ನೇ ಮಾಡಿದರು: ದ್ವೀಪದ ಅಕ್ಷಾಂಶವನ್ನು ಬಹಳ ಮೊದಲೇ ಹಿಡಿದು, ಬಳಿಕ ಅದೇ ಗೆರೆಯಲ್ಲಿ ಪೂರ್ವಕ್ಕೋ ಪಶ್ಚಿಮಕ್ಕೋ ಸಾಗುತ್ತಿದ್ದರು. ಅಟ್ಲಾಂಟಿಕ್ ದಾಟಿ ಬಾರ್ಬಡೋಸ್ ಸೇರುವ ಹಡಗುಗಳ ಪದ್ಧತಿ ಇದೇ ಆಗಿತ್ತು. ಆ ದ್ವೀಪ ಹೆಚ್ಚುಕಡಿಮೆ ಮಂಗಳೂರಿನ ಅಕ್ಷಾಂಶದಲ್ಲೇ ಇದೆ.

ಆದರೆ ಪೂರ್ವ-ಪಶ್ಚಿಮದ ಸ್ಥಾನವನ್ನು ಹೇಳುವ ರೇಖಾಂಶ ತಿಳಿಯದೆ ಈ ಉಪಾಯ ಎಷ್ಟು ದುಬಾರಿಯಾಗಬಲ್ಲುದೆಂಬುದಕ್ಕೆ 1741ರಲ್ಲಿ ಬ್ರಿಟಿಷ್ ನೌಕಾಧಿಕಾರಿ ಜಾರ್ಜ್ ಆನ್ಸನ್‌ನಿಗೆ ಒದಗಿದ ಗತಿಯೇ ಸಾಕ್ಷಿ. ಸ್ಕರ್ವಿ ಹಿಡಿದ ನಾವಿಕರೊಡನೆ ಕೇಪ್ ಹಾರ್ನ್ ಸುತ್ತಿ ಬಂದ ಆತ ಹ್ವಾನ್ ಫರ್ನಾಂಡಿಸ್ ದ್ವೀಪದ ಅಕ್ಷಾಂಶವನ್ನು ಸರಿಯಾಗಿಯೇ ಹಿಡಿದು ಪಶ್ಚಿಮಕ್ಕೆ ನಡೆದನು; ದ್ವೀಪ ಕೆಲವೇ ಗಂಟೆಗಳ ದೂರದಲ್ಲಿದ್ದಾಗ, ಅದು ಹಿಂದೆ ಉಳಿದಿರಬಹುದೆಂಬ ಸಂದೇಹದಿಂದ ಪೂರ್ವಕ್ಕೆ ತಿರುಗಿ, ಚಿಲಿಯ ತೀರವನ್ನು ಕಂಡಮೇಲೆ ಮತ್ತೆ ಪಶ್ಚಿಮಕ್ಕೆ ಬಂದನು. ಈ ಅಲೆದಾಟದಲ್ಲಿ 70ರಿಂದ 80 ಮಂದಿ ಸತ್ತರು.

ಬ್ರಿಟಿಷ್ ಸಂಸತ್ತು ರೇಖಾಂಶದ ಲೆಕ್ಕಕ್ಕೆ 1714ರಲ್ಲೇ ಬಹುಮಾನ ಘೋಷಿಸಿತ್ತು. ಜಾನ್ ಹ್ಯಾರಿಸನ್ ರಚಿಸಿದ ಗಡಿಯಾರ 1761ರ ಪರೀಕ್ಷಾಯಾನದಲ್ಲಿ ಮದೀರ ದ್ವೀಪ ಯಾವಾಗ ಕಾಣುವುದೆಂದು ಸರಿಯಾಗಿ ಹೇಳಿತೆಂಬುದು ಹೆಚ್ಚಾಗಿ ತಿಳಿದ ವಿಷಯ. ಅಷ್ಟು ಪ್ರಸಿದ್ಧವಲ್ಲದ, ಆದರೆ ದಡ ಸೇರುವ ವಿದ್ಯೆಗೆ ಅದಕ್ಕಿಂತ ಹತ್ತಿರದ ಹೆಜ್ಜೆಯನ್ನಿಟ್ಟವನು ಅಮೆರಿಕದ ಕಪ್ತಾನ ಥಾಮಸ್ ಸಮ್ನರ್. 1837ರ ಡಿಸೆಂಬರ್ 17ರಂದು, ದಿನಗಟ್ಟಲೆ ಮೋಡ ಮುಚ್ಚಿದ ಹವೆಯಲ್ಲಿ ಐರ್ಲೆಂಡಿನ ದಕ್ಷಿಣ ತೀರವನ್ನು ಸಮೀಪಿಸುತ್ತಿದ್ದ ಅವನಿಗೆ ಸೂರ್ಯನ ಎತ್ತರ ಒಂದೇ ಸಲ ಅಳೆಯಲು ಸಿಕ್ಕಿತು. ತನ್ನ ಅಕ್ಷಾಂಶ ಖಚಿತವಿಲ್ಲದ್ದರಿಂದ ಮೂರು ಅಕ್ಷಾಂಶಗಳನ್ನು ಊಹಿಸಿ ಮೂರು ಸಲ ಲೆಕ್ಕ ಹಾಕಿದಾಗ, ದೊರೆತ ಮೂರು ಬಿಂದುಗಳೂ ನಕಾಶೆಯ ಮೇಲೆ ಒಂದೇ ಗೆರೆಯಲ್ಲಿ ಬಿದ್ದು, ಆ ಗೆರೆ ವೇಲ್ಸ್ ತೀರದ ಸ್ಮಾಲ್ಸ್ ದೀಪಸ್ತಂಭವನ್ನು ಹಾಯ್ದಿತ್ತು. ಗೆರೆಯ ಯಾವ ಬಿಂದುವಿನಲ್ಲಿದ್ದೇನೆಂಬುದು ಗೊತ್ತಿಲ್ಲದಿದ್ದರೂ ಆ ಗೆರೆಯ ದಿಕ್ಕಿನಲ್ಲೇ ಹಡಗು ನಡೆಸಿದ ಸಮ್ನರ್‌ಗೆ ಒಂದು ಗಂಟೆಯೊಳಗೆ ದೀಪ ಕಂಡಿತು. ತಿಳಿಯದುದನ್ನು ಬಿಟ್ಟು ತಿಳಿದಷ್ಟರಿಂದಲೇ ದಡ ಸೇರಬಹುದೆಂಬುದನ್ನು ಗಣಿತದ ರೂಪದಲ್ಲಿ ತೋರಿಸಿಕೊಟ್ಟ ಈ ‘ಸ್ಥಾನರೇಖೆ’ಯ ವಿವರಣೆಯನ್ನು ಅವನು 1843ರಲ್ಲಿ ಪ್ರಕಟಿಸಿದನು.

ಗಣಿತದ ನೆರವಿಲ್ಲದೆ ಇದೇ ತತ್ವವನ್ನು ಪೆಸಿಫಿಕ್ ದ್ವೀಪಗಳ ನಾವಿಕರು ಬಹು ಹಿಂದೆಯೇ ಬಳಸುತ್ತಿದ್ದರೆಂಬುದನ್ನು ಡೇವಿಡ್ ಲೂಯಿಸ್ 1972ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ತಗ್ಗಾದ ಹವಳದ ದ್ವೀಪವೊಂದು ಹದಿನೈದಿಪ್ಪತ್ತು ಕಿಲೋಮೀಟರ್ ಆಚೆಗೆ ಕಣ್ಣಿಗೆ ಬೀಳುವುದಿಲ್ಲ. ಆದರೆ ರಾತ್ರಿ ನೆಲದಲ್ಲಿ ತಂಗಿ ಹಗಲು ಮೀನು ಹಿಡಿಯುವ ರೀವಗಳಂಥ ಹಕ್ಕಿಗಳು ಅದಕ್ಕಿಂತ ದೂರ ಹಾರುವುದರಿಂದ, ಸಂಜೆ ಅವು ಮರಳುವ ದಿಕ್ಕು ದ್ವೀಪದ ದಿಕ್ಕೇ ಆಗುತ್ತದೆ. ದ್ವೀಪಗಳ ಮೇಲೆ ನಿಂತ ಮೋಡ, ದ್ವೀಪಕ್ಕೆ ತಾಗಿ ಬಾಗುವ ಅಲೆ ಇವೂ ಸೇರಿದರೆ ಚದುರಿದ ದ್ವೀಪಸಮೂಹ ಒಂದು ಅಗಲವಾದ ಗುರಿಯಾಗುತ್ತದೆ. 1976ರಲ್ಲಿ ಸತವಾಲ್ ದ್ವೀಪದ ಮೌ ಪಿಯಾಯ್ಲುಗ್ ಉಪಕರಣಗಳಿಲ್ಲದೆ ‘ಹೋಕುಲೆಅ’ ಎಂಬ ಜೋಡಿ ದೋಣಿಯನ್ನು ಹವಾಯಿಯಿಂದ ಟಹೀಟಿಗೆ ಒಯ್ದಾಗ, ಮೊದಲು ಕಂಡದ್ದು ಟುವಮೋಟು ಸಮೂಹದ ಮಟಾಯಿವ. ಅಲ್ಲಿಂದ ಟಹೀಟಿಯ ದಾರಿ ಖಚಿತವಾಯಿತು.

1995ರಲ್ಲಿ ಪೂರ್ಣ ಬಳಕೆಗೆ ಬಂದ ಜಿಪಿಎಸ್ ಹಡಗಿನ ಸ್ಥಾನದಲ್ಲಿದ್ದ ತಪ್ಪನ್ನು ಬಹುಮಟ್ಟಿಗೆ ತೊಡೆದುಹಾಕಿತು, ಆದರೆ ನಕಾಶೆಯ ತಪ್ಪನ್ನಲ್ಲ. 19ನೇ ಶತಮಾನದ ಅಳತೆಗಳನ್ನು ಆಧರಿಸಿದ ನಕಾಶೆಗಳಲ್ಲಿ ದ್ವೀಪಗಳೇ ಪಕ್ಕಕ್ಕೆ ಸರಿದಿರುವುದುಂಟು. ವಿದ್ಯುನ್ಮಾನ ನಕಾಶೆಯ ತೊಡಕು ಇನ್ನೊಂದು ಬಗೆಯದು: 2014ರ ನವೆಂಬರ್ 29ರ ರಾತ್ರಿ ವೋಲ್ವೊ ಓಷನ್ ರೇಸಿನ ‘ಟೀಮ್ ವೆಸ್ಟಾಸ್ ವಿಂಡ್’ ಹಾಯಿದೋಣಿ, ತಾನಿರುವ ಜಾಗವನ್ನು ಚೆನ್ನಾಗಿ ತಿಳಿದೂ, ಮಾರಿಷಸ್ಸಿನ ಉತ್ತರದ ಕಾರ್ಗಾಡೋಸ್ ಕಾರಜೋಸ್ ಹವಳದಿಬ್ಬಕ್ಕೆ ಏರಿತು. ಪರದೆಯ ಮೇಲೆ ನಕಾಶೆಯನ್ನು ಸಾಕಷ್ಟು ಹಿಗ್ಗಿಸದೆ ನೋಡಿದಾಗ ದಿಬ್ಬದ ಅಪಾಯ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಒಂಬತ್ತು ಮಂದಿಯೂ ಬದುಕಿಕೊಂಡರು. ಅಪರಿಚಿತ ಹವಳದ ತೀರಕ್ಕೆ ಕತ್ತಲಲ್ಲಿ ಬಂದವರು ಹಾಯಿಗಳನ್ನು ಒಂದಕ್ಕೊಂದು ಎದುರಾಗಿ ಬಿಗಿದು, ದೋಣಿಯನ್ನು ಹೊರಗಡಲಿನಲ್ಲೇ ತಡೆದು, ಸೂರ್ಯ ಮೇಲೇರಿ ಬೆನ್ನ ಹಿಂದೆ ಬಂದು ದಿಬ್ಬಗಳು ನೀರಿನ ಬಣ್ಣದಿಂದ ತಿಳಿಯುವವರೆಗೆ ಕಾಯುವ ಹಳೆಯ ಪದ್ಧತಿಯನ್ನು ಅನುಭವಿಗಳು ಇಂದಿಗೂ ಬಿಟ್ಟಿಲ್ಲ.

2018ರಲ್ಲಿ ಮತ್ತೆ ಆರಂಭವಾದ ಗೋಲ್ಡನ್ ಗ್ಲೋಬ್ ರೇಸಿನ ನಿಯಮದಂತೆ ಸ್ಪರ್ಧಿಗಳು ಜಿಪಿಎಸ್ ಬಿಟ್ಟು, ಸೂರ್ಯ-ನಕ್ಷತ್ರಗಳ ಎತ್ತರ ಅಳೆಯುವ ಸೆಕ್ಸ್ಟಂಟನ್ನೇ ನಂಬಿ ಒಬ್ಬಂಟಿಯಾಗಿ ಭೂಮಿಯನ್ನು ಸುತ್ತಬೇಕು. ಭಾರತೀಯ ನೌಕಾಪಡೆಯಲ್ಲಿದ್ದ ಅಭಿಲಾಷ್ ಟಾಮಿ 2023ರ ಏಪ್ರಿಲ್ 29ರಂದು ಹೀಗೆ ಫ್ರಾನ್ಸಿನ ದಡ ಸೇರಿ ಎರಡನೆಯ ಸ್ಥಾನ ಪಡೆದರು. ಸ್ಪರ್ಧಿಗೆ ನಿಷಿದ್ಧವಾದ ಉಪಗ್ರಹದ ನೆರವು ಆಯೋಜಕರಿಗೆ ನಿಷಿದ್ಧವಲ್ಲ. 2018ರ ಸ್ಪರ್ಧೆಯಲ್ಲಿ ಕೂವೆಮರ ಮುರಿದು ಬೆನ್ನಿಗೆ ಪೆಟ್ಟಾಗಿ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಬಿದ್ದಿದ್ದ ಇದೇ ಟಾಮಿಯವರ ಬಳಿಗೆ ಫ್ರೆಂಚ್ ಹಡಗು ತಲುಪಿದ್ದಕ್ಕೆ, ಅವರ ದೋಣಿಯ ಸ್ಥಾನ ಉಪಗ್ರಹದ ಮೂಲಕ ತಿಳಿದಿದ್ದುದೇ ಕಾರಣವಾಗಿತ್ತು.