ಮಸೂದೆಯಿಂದ ಕಾಯಿದೆಗೆ: ಮುಂಬಯಿ ಶಾಸನಸಭೆ ಮತ್ತು ಗುಜರಾತಿನ ಮೂರು ನಗರಗಳು

ಕನ್ನಡದಲ್ಲಿ ‘ಶಾಸನ’ವೆಂಬ ಪದಕ್ಕೆ ಕಲ್ಲಿನ ಮೇಲಣ ಬರಹವೆಂಬ ಅರ್ಥವೂ ಸಭೆಯೊಂದು ವಿಧಿಸಿದ ಕಾಯಿದೆಯೆಂಬ ಅರ್ಥವೂ ಉಂಟು. ಮೊದಲನೆಯದಕ್ಕೆ ದಾನಿಯ ಅಥವಾ ಅರಸನ ಸಂಕಲ್ಪವೇ ಸಾಕು. ಎರಡನೆಯದು ಮಂಡನೆ, ಸಮಿತಿಯ ಪರಿಶೀಲನೆ, ಮತದಾನ, ಅಂಕಿತಗಳೆಂಬ ಮೆಟ್ಟಿಲುಗಳನ್ನು ಏರಬೇಕು. ಪಶ್ಚಿಮ ಭಾರತದಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣವು ಅರಸನ ಆಜ್ಞೆಯಿಂದಲೂ ಸಭೆಯ ಮತದಿಂದಲೂ ಬಂದಿತು. ಧಾರವಾಡ, ಬೆಳಗಾವಿ, ವಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳು ಅಹಮದಾಬಾದು, ಸೂರತ್ತುಗಳೊಡನೆ ಒಂದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಈ ಚರಿತ್ರೆ ಕನ್ನಡಿಗರದೂ ಹೌದು.

ವಡೋದರ ಸಂಸ್ಥಾನದ ಮೂರನೆಯ ಸಯಾಜಿರಾವ್ ಗಾಯಕವಾಡರು 1893ರಲ್ಲಿ ಅಮರೇಲಿ ಪ್ರದೇಶದಲ್ಲಿ ಕಡ್ಡಾಯ ಶಿಕ್ಷಣವನ್ನು ಪ್ರಯೋಗರೂಪದಲ್ಲಿ ಆರಂಭಿಸಿ, 1906ರಲ್ಲಿ ಅದನ್ನು ಸಂಸ್ಥಾನಕ್ಕೆಲ್ಲ ವಿಸ್ತರಿಸಿದರು. ಅಲ್ಲಿ ಆಜ್ಞಾಪಿಸುವವನೂ ಬೊಕ್ಕಸದ ಒಡೆಯನೂ ಒಬ್ಬನೇ ಆಗಿದ್ದನು. ಈ ನಿದರ್ಶನವನ್ನು ಮುಂದಿಟ್ಟುಕೊಂಡು ಗೋಪಾಲಕೃಷ್ಣ ಗೋಖಲೆಯವರು 1911ರ ಮಾರ್ಚಿಯಲ್ಲಿ ಕೇಂದ್ರ ಶಾಸನಸಭೆಯಲ್ಲಿ ತಮ್ಮ ಮಸೂದೆಯನ್ನು ಮಂಡಿಸಿದರು. ವೆಚ್ಚದ ಮೂರರಲ್ಲಿ ಎರಡು ಪಾಲನ್ನು ಸರ್ಕಾರವು ಭರಿಸಬೇಕೆಂಬುದು ಅವರ ಆಶಯವಾಗಿತ್ತು. ಮಸೂದೆಯನ್ನು ಆಯ್ಕೆ ಸಮಿತಿಗೆ ಒಪ್ಪಿಸಬೇಕೆಂಬ ಸೂಚನೆಯು 1912ರ ಮಾರ್ಚ್ 19ರಂದು 13ಕ್ಕೆ ಎದುರಾಗಿ 38 ಮತಗಳಿಂದ ಬಿದ್ದುಹೋಯಿತು. ಅಮೆರಿಕದ ಕಾಂಗ್ರೆಸ್ಸಿನಲ್ಲಿ ಬಹುಪಾಲು ಮಸೂದೆಗಳು ಸಮಿತಿಯಲ್ಲಿಯೇ ಕೊನೆಗಾಣುತ್ತವೆ. ಇದಕ್ಕಾದರೋ ಸಮಿತಿಯ ಹೊಸ್ತಿಲೇ ದೊರೆಯಲಿಲ್ಲ.

ಹಾಗಾದರೆ ಆರು ವರ್ಷಗಳ ತರುವಾಯ ಅದೇ ಉದ್ದೇಶದ ಮಸೂದೆಯೊಂದು ಮುಂಬಯಿಯಲ್ಲಿ ಅಂಗೀಕೃತವಾದುದು ಹೇಗೆ? ಉತ್ತರವು ಸಭೆಗಳ ರಚನೆಯಲ್ಲಿದೆ. 1909ರ ಸುಧಾರಣೆಯು ಕೇಂದ್ರಸಭೆಯಲ್ಲಿ ಅಧಿಕಾರಿಗಳ ಬಹುಮತವನ್ನು ಉಳಿಸಿಕೊಂಡಿತು. ಪ್ರಾಂತಸಭೆಗಳಲ್ಲಿ ಅದನ್ನು ಬಿಟ್ಟುಕೊಟ್ಟಿತು. ಆದರೆ ಸರ್ಕಾರದ ಆದಾಯಕ್ಕೆ ಸಂಬಂಧಿಸಿದ ಮಸೂದೆಯನ್ನು ಗವರ್ನರರ ಪೂರ್ವಾನುಮತಿಯಿಲ್ಲದೆ ಸದಸ್ಯರು ಮಂಡಿಸುವಂತಿರಲಿಲ್ಲ. ಅಂಗೀಕಾರವಾದ ಮೇಲೂ ಗವರ್ನರರ, ಅನಂತರ ಗವರ್ನರ್ ಜನರಲರ ಒಪ್ಪಿಗೆ ಬೇಕಾಗಿತ್ತು. ಅಮೆರಿಕದ ಅಧ್ಯಕ್ಷನ ನಿರಾಕರಣೆಯನ್ನು ಎರಡೂ ಸದನಗಳು ಮೂರರಲ್ಲಿ ಎರಡರ ಬಹುಮತದಿಂದ ಮೀರಬಲ್ಲವು. ಇಲ್ಲಿ ಅಂತಹ ದಾರಿ ಇರಲಿಲ್ಲ.

ಗುಜರಾತಿನ ವಿಠ್ಠಲಭಾಯಿ ಪಟೇಲರ ಮಸೂದೆಯ ಸ್ವರೂಪವನ್ನು ಈ ಹಿನ್ನೆಲೆಯಲ್ಲಿಯೇ ಗ್ರಹಿಸಬೇಕು. ಅದು ಜಿಲ್ಲಾ ನಗರಸಭೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಕಡ್ಡಾಯ ಶಿಕ್ಷಣವನ್ನು ಜಾರಿಗೆ ತರುವುದನ್ನು ಆಯಾ ನಗರಸಭೆಯ ಇಚ್ಛೆಗೇ ಬಿಟ್ಟಿತ್ತು. ಸರ್ಕಾರವು ಇಷ್ಟು ಹಣ ಕೊಡಲೇಬೇಕೆಂದು ಕಟ್ಟುಮಾಡಿರಲಿಲ್ಲ. ಇಷ್ಟು ಸಂಕೋಚಗೊಂಡುದರಿಂದಲೇ ಅದು 1918ರ ಮುಂಬಯಿಯ ಮೊದಲನೆಯ ಅಧಿನಿಯಮವಾಗಿ, ಬ್ರಿಟಿಷ್ ಭಾರತದ ಪ್ರಥಮ ಕಡ್ಡಾಯ ಶಿಕ್ಷಣ ಕಾಯಿದೆಯೆಂಬ ಸ್ಥಾನವನ್ನು ಪಡೆಯಿತೆನ್ನಬಹುದು.

ಕಾಯಿದೆಯು ಬಿಟ್ಟುಕೊಟ್ಟ ಅಂಶದ ಮಹತ್ತ್ವ ಬೇಗನೆ ವಿದಿತವಾಯಿತು. ಅಸಹಕಾರ ಚಳವಳಿಯ ಕಾಲದಲ್ಲಿ ವಲ್ಲಭಭಾಯಿ ಪಟೇಲರ ನೇತೃತ್ವದಲ್ಲಿ ಅಹಮದಾಬಾದು ನಗರಸಭೆಯು ತನ್ನ ಶಾಲೆಗಳಿಗೆ ಬರುತ್ತಿದ್ದ ಸರ್ಕಾರಿ ಅನುದಾನವನ್ನು ತ್ಯಜಿಸಿ, ಸರ್ಕಾರದ ತನಿಖೆಯನ್ನೂ ನಿರಾಕರಿಸಿತು. ಸೂರತ್ತು ಅದೇ ಹಾದಿ ಹಿಡಿಯಿತು. ಅನುದಾನವಿಲ್ಲದಿದ್ದರೆ ಅಧಿಕಾರವೂ ಇಲ್ಲವೆಂಬುದು ನಗರಸಭೆಗಳ ನಿಲುವು. ಸರ್ಕಾರ ಅದನ್ನೊಪ್ಪದೆ 1922ರಲ್ಲಿ ಎರಡನ್ನೂ ವಜಾಮಾಡಿತು. ಮರುವರ್ಷ, ಆರ್. ಪಿ. ಪರಾಂಜಪೆಯವರು ಶಿಕ್ಷಣ ಸಚಿವರಾಗಿದ್ದ ಅವಧಿಯಲ್ಲಿ, ಹೊಸ ಕಾಯಿದೆಯು ಪ್ರಾಥಮಿಕ ಶಿಕ್ಷಣದ ಆಡಳಿತವನ್ನು ನಗರಸಭೆಗಳ ಜೊತೆಗೆ ಗ್ರಾಮಾಂತರದ ಸ್ಥಳೀಯ ಮಂಡಳಿಗಳಿಗೂ ವಹಿಸಿತು.

ಕಲಬುರಗಿ ಜಿಲ್ಲೆಯ ನಾಗಾವಿಯ ಕ್ರಿ.ಶ. 1058ರ ಶಾಸನವು ಘಟಿಕಾಸ್ಥಾನದ ವಿದ್ಯಾರ್ಥಿಗಳನ್ನು, ಉಪಾಧ್ಯಾಯರನ್ನು, ಸರಸ್ವತೀಭಂಡಾರಿಗರನ್ನು ಹೆಸರಿಸಿ, ಅವರ ಜೀವಿತಕ್ಕೆ ಭೂಮಿಯನ್ನೂ ನಿಗದಿಪಡಿಸುತ್ತದೆ. ವಿದ್ಯಾದಾನದ ಹೊಣೆ ಹೊರಿಸುವಲ್ಲಿ ಅದರ ಜೀವನೋಪಾಯವನ್ನೂ ಹೇಳುವುದು ಆ ಬರಹದ ಕ್ರಮ. 1918ರ ಶಾಸನದಲ್ಲಿ ಕಾಣದ ಸಾಲು ಇದೇ. ಮುಂಬಯಿ ಕರ್ನಾಟಕದ ಶಾಲೆಗಳ ಚರಿತ್ರೆಯನ್ನು ಬರೆಯುವವರು ಧಾರವಾಡದ ಕಡತಗಳ ಜೊತೆಗೆ ಅಹಮದಾಬಾದು, ಸೂರತ್ತುಗಳ ನಗರಸಭಾ ಕಡತಗಳನ್ನೂ ತೆರೆದು ನೋಡಬೇಕಾದುದು ಈ ಕಾರಣದಿಂದಲೇ. ಒಂದೇ ಕಾಯಿದೆಯ ಅಡಿಯಲ್ಲಿ ಯಾವ ಊರು ಎಷ್ಟು ಮಕ್ಕಳನ್ನು ಶಾಲೆಗೆ ಕರೆತರಬಲ್ಲದಾಯಿತೆಂಬುದನ್ನು ಅಂತಹ ಹೋಲಿಕೆಯೇ ತಿಳಿಸಬಲ್ಲದು.