ಹಾಡು ನಿಂತ ವರ್ಷಗಳು

1974ರ ಅಕ್ಟೋಬರ್ ತಿಂಗಳಲ್ಲಿ ಬೇಗಂ ಅಖ್ತರ್ ಕಛೇರಿಗೆಂದು ಅಹಮದಾಬಾದಿಗೆ ಬಂದರು. ಆ ತಿಂಗಳ 7ಕ್ಕೆ ಅವರಿಗೆ 60 ತುಂಬಿತ್ತು. ಮೈಯಲ್ಲಿ ಸ್ವಸ್ಥವಿರಲಿಲ್ಲ, ಆದರೂ ಹಾಡಿದರು. ಅಕ್ಟೋಬರ್ 30ರಂದು ಅದೇ ಊರಿನಲ್ಲಿ ತೀರಿಕೊಂಡರು. ಊರೂರು ಅಲೆದು ಹಾಡುವ ಕಲಾವಿದೆಯೊಬ್ಬಳಿಗೆ ಕೆಲಸದ ನಡುವೆಯೇ ಬಂದ ಸಾವು ಅದು.

ಆದರೆ ಅದಕ್ಕೂ ಮೂವತ್ತು ವರ್ಷ ಹಿಂದೆ ಇದೇ ಬೇಗಂ ಅಖ್ತರ್ ಹಾಡುವುದನ್ನೇ ನಿಲ್ಲಿಸಿದ್ದರು. 1945ರಿಂದ 1949ರವರೆಗೆ ಅವರ ದನಿ ಹೊರಗೆ ಯಾರಿಗೂ ಕೇಳಿಸಲಿಲ್ಲ. ಆ ವರ್ಷಗಳಲ್ಲಿ ಅವರು ಖಿನ್ನರಾದರು, ಹಾಸಿಗೆ ಹಿಡಿದರು. ಮತ್ತೆ ಹಾಡುವುದೇ ಇದಕ್ಕೆ ಮದ್ದು ಎಂಬ ಸಲಹೆ ಬಂದ ಮೇಲೆ ಲಖನೌ ರೇಡಿಯೋ ಕೇಂದ್ರಕ್ಕೆ ಹೋಗಿ ಹಾಡಿದರು. ಅವರ ಜೀವನ ಬರೆದವರೆಲ್ಲರೂ ಈ ಪ್ರಸಂಗವನ್ನು ಹೇಳುತ್ತಾರೆ. ಬಹಳ ಸಲ ಅದು ಒಂದು ಸುಂದರ ಕಥೆಯಾಗಿ ಮುಗಿದುಬಿಡುತ್ತದೆ: ನೋವು ಉಂಡವಳು, ಅದಕ್ಕೇ ಅವಳ ಗಜಲ್‌ನಲ್ಲಿ ಅಷ್ಟು ಆರ್ದ್ರತೆ. ಇಸವಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಮಾತ್ರ ಕಥೆ ಹಾಗೆ ಕಾಣುವುದಿಲ್ಲ.

ಅವರು ಹುಟ್ಟಿದ್ದು 1914ರಲ್ಲಿ, ಫೈಜಾಬಾದಿನಲ್ಲಿ. ಮನೆಯಲ್ಲಿ ಕರೆಯುತ್ತಿದ್ದ ಹೆಸರು ಬಿಬ್ಬಿ. ತಾಯಿ ಮುಷ್ತರಿ ಬಾಯಿ, ತಂದೆ ವಕೀಲ. ತಂದೆ ತಾಯಿ ಮಕ್ಕಳನ್ನು ಕೈಬಿಟ್ಟರು. ಬಿಬ್ಬಿಯ ಜೊತೆ ಹುಟ್ಟಿದ ಅವಳಿ ತಂಗಿ ಚಿಕ್ಕಂದಿನಲ್ಲೇ ಸತ್ತಳು. ಉಳಿದ ಒಬ್ಬ ಮಗಳನ್ನು ಮುಷ್ತರಿ ಬಾಯಿ ಸಂಗೀತಕ್ಕೆ ಹಚ್ಚಿದರು. ಪಟನಾದ ಸಾರಂಗಿ ವಾದಕ ಇಮ್ದಾದ್ ಖಾನ್, ಪಟಿಯಾಲಾದ ಅತಾ ಮೊಹಮ್ಮದ್ ಖಾನ್, ಮುಂದೆ ಕಿರಾಣಾ ಘರಾಣೆಯ ಅಬ್ದುಲ್ ವಹೀದ್ ಖಾನ್ ಅವರಿಗೆ ಪಾಠ ಹೇಳಿದರು. ಈ ಕೊನೆಯ ಹೆಸರು ಕನ್ನಡಿಗರಿಗೆ ಹೊರಗಿನದಲ್ಲ. ಕುಂದಗೋಳದ ಸವಾಯಿ ಗಂಧರ್ವರಿಗೆ ಕಲಿಸಿದ ಅಬ್ದುಲ್ ಕರೀಂ ಖಾನರೂ ಇವರೂ ಬಂಧುಗಳು. ಧಾರವಾಡದ ಕಡೆ ಬೇರೂರಿದ ಗಾಯನದ್ದೇ ಇನ್ನೊಂದು ಕವಲು ಫೈಜಾಬಾದಿನ ಹುಡುಗಿಯ ಕೊರಳಿಗೂ ಇಳಿದಿತ್ತು.

1934ರಲ್ಲಿ ಬಿಹಾರದ ಭೂಕಂಪ ಸಂತ್ರಸ್ತರ ನೆರವಿಗಾಗಿ ಕಲ್ಕತ್ತೆಯಲ್ಲಿ ನಡೆದ ಕಾರ್ಯಕ್ರಮದಲ್ಲಿ ಅವರು ಹಾಡಿದರು. ಕೇಳಲು ಬಂದಿದ್ದ ಸರೋಜಿನಿ ನಾಯ್ಡು ಮೆಚ್ಚಿಕೊಂಡರು. ಮೆಗಾಫೋನ್ ಕಂಪನಿ ಹೊರತಂದ ಅವರ ಗಜಲ್, ದಾದ್ರಾ, ಠುಮ್ರಿಗಳ ತಟ್ಟೆಗಳು ಊರೂರು ಮುಟ್ಟಿದವು. ಸಿನಿಮಾದಲ್ಲೂ ನಟಿಸಿದರು, 1942ರಲ್ಲಿ ಬಂದ ಮೆಹಬೂಬ್ ಖಾನರ ‘ರೋಟಿ’ ಅವುಗಳಲ್ಲಿ ಹೆಸರಾದದ್ದು. ಮೂವತ್ತು ತುಂಬುವ ಹೊತ್ತಿಗೆ ಅಖ್ತರಿ ಬಾಯಿ ಫೈಜಾಬಾದಿ ಎಂಬ ಹೆಸರಿಗೆ ಹಣವೂ ಇತ್ತು, ಮನ್ನಣೆಯೂ ಇತ್ತು. ಇಲ್ಲದೆ ಇದ್ದದ್ದು ಮರ್ಯಾದೆ.

ಆ ಕಾಲದಲ್ಲಿ ಹೆಸರಿನ ಕೊನೆಯ ‘ಬಾಯಿ’ ಎಂಬ ಎರಡಕ್ಷರ ಹಾಡುಗಾರ್ತಿ ಯಾವ ಮನೆತನದವಳೆಂದು ಸಾರಿಬಿಡುತ್ತಿತ್ತು. ತವಾಯಫ್ ಮನೆತನದ ಹೆಣ್ಣಿನ ಹಾಡು ಎಲ್ಲರಿಗೂ ಬೇಕು, ಅವಳ ನೆಂಟಸ್ತಿಕೆ ಯಾರಿಗೂ ಬೇಡ. 1946ರಲ್ಲಿ ಸರ್ದಾರ್ ಪಟೇಲರು ವಾರ್ತಾ ಮತ್ತು ಪ್ರಸಾರ ಖಾತೆ ವಹಿಸಿಕೊಂಡ ಮೇಲೆ, ಖಾಸಗಿ ಬದುಕು ಲೋಕಾಪವಾದಕ್ಕೆ ಗುರಿಯಾದ ಗಾಯಕಿಯರನ್ನು ಆಕಾಶವಾಣಿಗೆ ಕರೆಯಕೂಡದು ಎಂಬ ನಿಯಮವೂ ಬಂತು. ಇಂಥ ಹೊತ್ತಿನಲ್ಲಿ ಮದುವೆ ಎಂದರೆ ಗಾಯಕಿಗೆ ಒಂದು ದಾಟುದೋಣಿ. 1945ರಲ್ಲಿ ಅಖ್ತರಿ ಬಾಯಿ ಲಖನೌದ ಬ್ಯಾರಿಸ್ಟರ್ ಇಷ್ತಿಯಾಕ್ ಅಹ್ಮದ್ ಅಬ್ಬಾಸಿಯವರನ್ನು ಮದುವೆಯಾದರು. ಆ ದೋಣಿಗೆ ತೆತ್ತ ಕೂಲಿ ಹಾಡು. ಗಂಡನ ಮನೆಯ ಕಟ್ಟುಪಾಡಿನಂತೆ ಅವರು ಹಾಡುವುದನ್ನು ಬಿಟ್ಟರು.

ಮುಂದಿನ ನಾಲ್ಕು ವರ್ಷ ಹೊರಗಿನ ಕಣ್ಣಿಗೆ ಸುಖದ ವರ್ಷಗಳೇ. ಬ್ಯಾರಿಸ್ಟರರ ಹೆಂಡತಿ, ಊರಿನ ಗಣ್ಯರ ಸಾಲಿನಲ್ಲಿ ಜಾಗ. ಒಳಗೆ ಮಾತ್ರ ಅವರು ಕುಸಿಯುತ್ತಿದ್ದರು. ಗರ್ಭ ನಿಲ್ಲಲಿಲ್ಲ. ಏಳು ವರ್ಷದವಳಿದ್ದಾಗಿನಿಂದ ದಿನವೂ ಮಾಡಿಕೊಂಡು ಬಂದ ಕೆಲಸ ಕೈಯಲ್ಲಿರಲಿಲ್ಲ. ಇಂದಿನ ವೈದ್ಯರು ಇಡುವ ಹೆಸರನ್ನು ಅಂದಿನ ಆ ಸ್ಥಿತಿಗೆ ಇಲ್ಲಿಂದ ಅಂಟಿಸುವುದು ಸರಿಯಲ್ಲ. ಬಲ್ಲವರು ಹೇಳಿದ್ದು ಇಷ್ಟು: ಮನಸ್ಸು ಕುಗ್ಗಿತು, ದೇಹವೂ ಅದರ ಜೊತೆ ಸೋತಿತು.

1940ರ ದಶಕದ ಭಾರತದಲ್ಲಿ ಅಂಥವರು ಹೋಗಬಹುದಾದ ಜಾಗ ಯಾವುದಿತ್ತು? ದೇಶದಲ್ಲಿ ಜಾರಿಯಲ್ಲಿದ್ದದ್ದು 1912ರ ‘ಲೂನಸಿ’ ಕಾಯಿದೆ. ರೋಗಿಗಿಂತ ಹೆಚ್ಚಾಗಿ ರೋಗಿಯಿಂದ ಸಮಾಜವನ್ನು ಕಾಯುವ ಕಾಯಿದೆ ಅದು. 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿ ಇಡೀ ದೇಶದ ಮಾನಸಿಕ ಆಸ್ಪತ್ರೆಗಳಲ್ಲಿ ಸುಮಾರು 10,000 ಹಾಸಿಗೆಗಳನ್ನಷ್ಟೇ ಲೆಕ್ಕ ಹಾಕಿತು. ಅವೂ ಹೆಚ್ಚಾಗಿ ಬೀಗ ಹಾಕಿದ ವಾರ್ಡುಗಳು. ಖಿನ್ನತೆಗೆಂದೇ ಕೊಡುವ ಮಾತ್ರೆಗಳು ಬಂದದ್ದು 1950ರ ದಶಕದ ಕೊನೆಗೆ. ಹುಚ್ಚು ಎನ್ನುವ ಮಾತಿಗೂ ಬೇಸರ ಎನ್ನುವ ಮಾತಿಗೂ ನಡುವೆ ಮೂರನೆಯ ಮಾತು ಮನೆಗಳಲ್ಲಿ ಇರಲಿಲ್ಲ. ಹಾಗಾಗಿ ಹಾಡಲು ಬಿಡಿ ಎಂಬ ಸಲಹೆ ಕೇಳಲು ಕಾವ್ಯದಂತಿದ್ದರೂ ಆ ಹೊತ್ತಿಗೆ ಕೈಗೆಟುಕುತ್ತಿದ್ದ ಕೆಲವೇ ಉಪಾಯಗಳಲ್ಲಿ ಒಂದು.

1949ರಲ್ಲಿ ಅವರು ಲಖನೌ ಆಕಾಶವಾಣಿಯಲ್ಲಿ ಮೂರು ಗಜಲ್ ಮತ್ತು ಒಂದು ದಾದ್ರಾ ಹಾಡಿದರು. ಹಾಡಿ ಮುಗಿಸಿ ಅತ್ತರು. ಆಮೇಲೆ ‘ಬಾಯಿ’ ಹೋಗಿ ‘ಬೇಗಂ’ ಆಯಿತು, ಕಛೇರಿಗಳು ಮತ್ತೆ ಶುರುವಾದವು. ಆದರೆ ಬಾಗಿಲು ಪೂರ್ತಿ ತೆರೆಯಲಿಲ್ಲ. ದೇಶದ ಬೇರೆ ಊರುಗಳಲ್ಲಿ ಹಾಡಬಹುದಿತ್ತು, ಗಂಡನ ಊರಾದ ಲಖನೌದಲ್ಲಿ ಸಭೆಯ ಮುಂದೆ ಕೂರುವಂತಿರಲಿಲ್ಲ. 1962ರಲ್ಲಿ ಚೀನಾ ಯುದ್ಧದ ನಿಧಿಗೆಂದು ಅಲ್ಲಿ ಹಾಡಿದಾಗಲೂ ಎದುರಿಗೆ ಕೂತಿದ್ದವರು ಹೆಂಗಸರು ಮಾತ್ರ.

ನೋವೇ ಕಲೆಯ ತಾಯಿ ಎನ್ನುವವರು ಇಲ್ಲೊಮ್ಮೆ ನಿಲ್ಲಬೇಕು. ಅವರನ್ನು ದೇಶಕ್ಕೆಲ್ಲ ಗುರುತು ಮಾಡಿಸಿದ ಮೊದಲ ತಟ್ಟೆಗಳು ಬಂದದ್ದು 1945ಕ್ಕೂ ಮೊದಲು. ನೋವು ಅತ್ಯಂತ ಆಳವಾಗಿದ್ದ ವರ್ಷಗಳಲ್ಲಿ ಹುಟ್ಟಿದ್ದು ಒಂದು ಹಾಡೂ ಇಲ್ಲ. ಗಜಲ್‌ಗೆ ತಾವೇ ಮಟ್ಟು ಹಾಕಿ ಹಾಡುವ ಬೇಗಂ ಅಖ್ತರ್ ಅರಳಿದ್ದು ರೋಗ ಇಳಿದ ಮೇಲೆ. ಬೊಂಬಾಯಿ ಸ್ಟೇಷನ್ನಿನಲ್ಲಿ ಕವಿ ಶಕೀಲ್ ಬದಾಯೂನಿ ಕೈಗಿತ್ತ ಗಜಲ್‌ಗೆ ಅವರು ರೈಲಿನಲ್ಲೇ ಸ್ವರ ಕೂಡಿಸಿದರೆಂಬ ಪ್ರಸಿದ್ಧ ಕಥೆ ಇದೆ. ಅದು ಕೆಲಸದಲ್ಲಿ ಮುಳುಗಿದವಳ ಕಥೆ, ದುಃಖದಲ್ಲಿ ಮುಳುಗಿದವಳದ್ದಲ್ಲ.

ಮತ್ತೆ ಹಾಡಿದ್ದರಿಂದ ಸಿಕ್ಕಿದ್ದು ಸಂಗೀತ ಒಂದೇ ಅಲ್ಲ. ಬೆಳಗ್ಗೆ ಎದ್ದರೆ ಮಾಡಲು ಕೆಲಸ, ಸ್ವಂತ ಸಂಪಾದನೆ, ಸಾರಂಗಿ ತಬಲಾದವರ ಒಡನಾಟ ಎಲ್ಲವೂ ಮರಳಿ ಬಂದವು. ಶಾಂತಿ ಹೀರಾನಂದ್, ಅಂಜಲಿ ಬ್ಯಾನರ್ಜಿ, ರೀಟಾ ಗಂಗೂಲಿಯಂಥ ಶಿಷ್ಯೆಯರು ಬಂದರು. ಉಸ್ತಾದರು ಗಂಡಸರೇ ಆಗಿರುತ್ತಿದ್ದ ಕಾಲದಲ್ಲಿ ಅವರು ತಮ್ಮ ಶಿಷ್ಯೆಯರ ಕೈಗೆ ಗಂಡಾಬಂಧನದ ದಾರ ಕಟ್ಟಿದರು. ಹಾಗೆಂದು ದುಃಖವೆಲ್ಲ ಕಳೆದುಹೋಯಿತೆಂದಲ್ಲ. 1951ರಲ್ಲಿ ತಾಯಿ ಸತ್ತಾಗ ಮತ್ತೆ ನೆಲಕ್ಕಿಳಿದರು. ಸಿಗರೇಟು ಬಿಡಲಿಲ್ಲ. ವ್ಯತ್ಯಾಸವೆಂದರೆ ಈ ಸಲ ಎದ್ದು ನಿಲ್ಲಲು ಹಿಡಿದುಕೊಳ್ಳುವುದಕ್ಕೆ ಒಂದು ಆಸರೆಯಿತ್ತು.

ಇದು ಲಖನೌದ ನವಾಬಿ ಕಥೆ ಎಂದು ಕನ್ನಡದವರು ದೂರ ನಿಲ್ಲುವಂತಿಲ್ಲ. ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಮಗಳು ಹಿಂದೂಸ್ತಾನಿ ಕಲಿಯಬೇಕು, ತನ್ನ ಶೈಲಿಯ ನೆರಳು ಅವಳ ಮೇಲೆ ಬೀಳಬಾರದು ಎಂದು ಅವರು ತಮ್ಮ ಹಾಡನ್ನೇ ನಿಲ್ಲಿಸಿದರು. ಇದನ್ನು ತ್ಯಾಗವೆಂದು ಕೊಂಡಾಡುತ್ತೇವೆ. ಆ ಮೌನ ಅಂಬಾಬಾಯಿಯವರಿಗೆ ಹೇಗಿತ್ತು ಎಂದು ಕೇಳುವ ರೂಢಿ ಬೆಳೆಯಲಿಲ್ಲ.

ಬೇಗಂ ಅಖ್ತರ್ ಅಹಮದಾಬಾದಿನಲ್ಲಿ ತೀರಿಕೊಂಡ ಎರಡು ತಿಂಗಳಿಗೆ, 1974ರ ಡಿಸೆಂಬರ್ 27ರಂದು, ಬೆಂಗಳೂರಿನಲ್ಲಿ ಹಳೆಯ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಸೇರಿ ನಿಮ್ಹಾನ್ಸ್ ಆಯಿತು. 1980ರ ದಶಕದಲ್ಲಿ ಅದೇ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮಟ್ಟದಲ್ಲೇ ಮನೋರೋಗಕ್ಕೆ ಚಿಕಿತ್ಸೆ ಕೊಡುವ ಪ್ರಯೋಗ ನಡೆಸಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಹೆಸರಾಂತ ಕಲಾವಿದರು ಬಾಯಿಬಿಡಲು ಇನ್ನೂ ಕಾಲ ಹಿಡಿಯಿತು. 2015ರಲ್ಲಿ ದೀಪಿಕಾ ಪಡುಕೋಣೆ ತಮ್ಮ ಖಿನ್ನತೆಯ ಬಗ್ಗೆ ಮಾತಾಡಿದರು. ಅವರ ಸಂಸ್ಥೆಯ ಹಳ್ಳಿಗಾಡಿನ ಕೆಲಸ ಶುರುವಾದದ್ದು ದಾವಣಗೆರೆ ಜಿಲ್ಲೆಯಲ್ಲಿ. 2016ರಲ್ಲಿ, ತಾವೇ ಹಾಡು ಬರೆದು ಹಾಡುವ ಅನನ್ಯಾ ಬಿರ್ಲಾ ತಾಯಿ ನೀರಜಾ ಬಿರ್ಲಾರ ಜೊತೆ ಎಂಪವರ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಕಟ್ಟಿದರು.

ಅನನ್ಯಾ 2024ರಲ್ಲಿ ವ್ಯವಹಾರಕ್ಕೆ ಪೂರ್ತಿ ಸಮಯ ಕೊಡಲೆಂದು ಸಂಗೀತ ಬಿಡುತ್ತಿರುವುದಾಗಿ ಪ್ರಕಟಿಸಿದರು. ಆ ಸಿರಿವಂತಿಕೆ ಎಲ್ಲರಿಗೂ ಇಲ್ಲ, ನಿಜ. ಆದರೂ ಇಬ್ಬರು ಗಾಯಕಿಯರ ನಡುವಿನ ಎಂಬತ್ತು ವರ್ಷಗಳ ಅಂತರ ಇಲ್ಲಿ ಕಾಣುತ್ತದೆ. ಒಬ್ಬರು ಬಿಟ್ಟದ್ದು ತಮ್ಮ ತೀರ್ಮಾನದಿಂದ, ಇನ್ನೊಬ್ಬರು ಬಿಟ್ಟದ್ದು ಮರ್ಯಾದೆಯ ಬೆಲೆಯಾಗಿ.

ಇಂದು ಜಾಗೃತಿಯ ಮಾತುಗಳೆಲ್ಲ ಹೇಳುವುದು ಒಂದನ್ನೇ: ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳಿ. ಅದು ಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಹೇಳಿಕೊಳ್ಳಬಹುದು. ಆದರೆ ಹೇಳಿಕೊಂಡ ಮೇಲೆ ಮನೆಯವರು ಮೊದಲು ಕೊಡುವ ಸಲಹೆ ಸಾಮಾನ್ಯವಾಗಿ ಕೆಲಸ ಬಿಡು, ಮನೆಯಲ್ಲಿರು, ನಾವಿದ್ದೇವೆ ಎಂಬುದು. ಹೆಣ್ಣುಮಕ್ಕಳಿಗೆ ಅದು ಇನ್ನೂ ಬೇಗ ಬರುತ್ತದೆ. 2017ರ ಮಾನಸಿಕ ಆರೋಗ್ಯ ಕಾಯಿದೆ ರೋಗಿಗೆ ಚಿಕಿತ್ಸೆಯ ಹಕ್ಕಿನ ಜೊತೆ ಸಮಾಜದ ನಡುವೆ ಬಾಳುವ ಹಕ್ಕನ್ನೂ ಬರೆದುಕೊಟ್ಟಿದೆ. ವಿಶ್ರಾಂತಿ ಬೇಕಾದವರಿಗೆ ವಿಶ್ರಾಂತಿ, ಔಷಧ ಬೇಕಾದವರಿಗೆ ಔಷಧ. ಅದರ ಜೊತೆಗೆ, ಅವರ ಕೈಯಿಂದ ಏನನ್ನು ಕಿತ್ತುಕೊಂಡಿದ್ದೇವೆ ಎಂದೂ ಮನೆಯವರು ಕೇಳಿಕೊಳ್ಳಬೇಕಾಗುತ್ತದೆ.

ಬೇಗಂ ಅಖ್ತರ್‌ಗೆ 1968ರಲ್ಲಿ ಪದ್ಮಶ್ರೀ, 1972ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, ಸಾವಿನ ನಂತರ 1975ರಲ್ಲಿ ಪದ್ಮಭೂಷಣ ಬಂದವು. ಲಖನೌದ ಪಸಂದ್ ಬಾಗ್‌ನಲ್ಲಿ ಅವರ ಸಮಾಧಿ ಇದೆ, ತಾಯಿ ಮುಷ್ತರಿ ಬಾಯಿಯ ಸಮಾಧಿಯ ಪಕ್ಕದಲ್ಲಿ. ಹಲವು ಕಾಲ ಪಾಳು ಬಿದ್ದಿದ್ದ ಆ ಜಾಗವನ್ನು 2012ರಲ್ಲಿ ದುರಸ್ತಿ ಮಾಡಿಸಲಾಯಿತು. ಬದುಕಿದ್ದಾಗ ಅವರಿಗೆ ಸಭೆ ಕಟ್ಟಿಕೊಡದ ಊರಿನಲ್ಲಿ ಈಗ ಕೇಳುಗರು ಅವರನ್ನು ಹುಡುಕಿಕೊಂಡು ಅಲ್ಲಿಗೆ ಹೋಗುತ್ತಾರೆ.