ಹತ್ತು ಸಾವಿರದ ಅರವತ್ತು ಮಕ್ಕಳ ಕಣ್ಣು

ಇಂದು ಪೋಲೆಂಡಿನಲ್ಲಿರುವ ವ್ರೊತ್ಸ್ವಾಫ್ ನಗರಕ್ಕೆ ಒಂದೂವರೆ ಶತಮಾನದ ಹಿಂದೆ ಬ್ರೆಸ್ಲಾವ್ ಎಂಬ ಹೆಸರಿತ್ತು. ಆಗ ಅದು ಪ್ರಷ್ಯಾದ ಊರು. 1860ರ ದಶಕದ ನಡುವಿನಲ್ಲಿ ಅಲ್ಲಿನ ಯುವ ನೇತ್ರವೈದ್ಯ ಹರ್ಮನ್ ಕೋನ್ ಮಕ್ಕಳ ಕಣ್ಣು ಪರೀಕ್ಷಿಸಲು ಶಾಲೆಯಿಂದ ಶಾಲೆಗೆ ತಿರುಗತೊಡಗಿದರು. ಹಳ್ಳಿಯ ಶಾಲೆ, ಪೇಟೆಯ ಪ್ರಾಥಮಿಕ ಶಾಲೆ, ಹೆಣ್ಣುಮಕ್ಕಳ ಶಾಲೆ, ವಿಶ್ವವಿದ್ಯಾಲಯಕ್ಕೆ ಹುಡುಗರನ್ನು ಸಜ್ಜುಗೊಳಿಸುವ ಗಿಮ್ನಾಸಿಯಂ, ಎಲ್ಲವೂ ಅವರ ಪಟ್ಟಿಯಲ್ಲಿದ್ದವು. 1867ರಲ್ಲಿ ಲೈಪ್‌ಜಿಗ್‌ನಲ್ಲಿ ಅಚ್ಚಾದ ಅವರ ಪುಸ್ತಕದ ಹೆಸರಿನಲ್ಲೇ ಆ ದುಡಿಮೆಯ ಲೆಕ್ಕವಿದೆ: 10,060 ಶಾಲಾಮಕ್ಕಳ ಕಣ್ಣುಗಳ ಪರೀಕ್ಷೆ.

ಅವರಿಗೆ ಸಿಕ್ಕ ಅಂಕಿಗಳು ಮೆಟ್ಟಿಲಿನಂತೆ ಏರುತ್ತಾ ಹೋದವು. ದೂರದ್ದು ಮಸುಕಾಗಿ ಕಾಣುವ ಮಕ್ಕಳು ಹಳ್ಳಿಯ ಶಾಲೆಗಳಲ್ಲಿ ಶೇಕಡಾ 1.4. ಪೇಟೆಯ ಪ್ರಾಥಮಿಕ ಶಾಲೆಗಳಲ್ಲಿ 6.7. ಮಾಧ್ಯಮಿಕ ಶಾಲೆಗಳಲ್ಲಿ 10.3. ರಿಯಾಲ್‌ಶೂಲೆ ಎಂಬ ಆಧುನಿಕ ವಿಷಯಗಳ ಪ್ರೌಢಶಾಲೆಗಳಲ್ಲಿ 19.7. ಗಿಮ್ನಾಸಿಯಂಗಳಲ್ಲಿ 26.2. ಒಂದೇ ಶಾಲೆಯೊಳಗೂ ಇದೇ ಕಥೆ. ಕೆಳಗಿನ ತರಗತಿಗಿಂತ ಮೇಲಿನ ತರಗತಿಯಲ್ಲಿ ಇಂಥ ಮಕ್ಕಳು ಹೆಚ್ಚು, ಅವರ ದೋಷದ ಪ್ರಮಾಣವೂ ಹೆಚ್ಚು. ಗಿಮ್ನಾಸಿಯಂನ ಕೊನೆಯ ತರಗತಿಗೆ ಬರುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಹುಡುಗರಿಗೆ ದೂರದ್ದು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಓದಿನ ಮೆಟ್ಟಿಲು ಹತ್ತಿದಷ್ಟೂ ಕಣ್ಣಿನ ನೋಟ ಕಿರಿದಾಗುತ್ತದೆ ಎಂಬುದನ್ನು ಅಷ್ಟು ದೊಡ್ಡ ಎಣಿಕೆಯಿಂದ ತೋರಿಸಿದವರು ಕೋನ್.

ಅನುಮಾನ ಹೊಸದೇನಲ್ಲ. ಕಣ್ಣಿನ ಹಿಂಭಾಗದ ಪರದೆಯ ಮೇಲೆ ಚಿತ್ರ ಮೂಡುವ ಬಗೆಯನ್ನು 1604ರಲ್ಲಿ ವಿವರಿಸಿದ ಖಗೋಳಶಾಸ್ತ್ರಜ್ಞ ಯೊಹಾನ್ಸ್ ಕೆಪ್ಲರ್, ಚಿಕ್ಕಂದಿನಿಂದ ಓದು ಮತ್ತು ಕುಸುರಿ ಕೆಲಸಕ್ಕೆ ಕೂತವರ ನೋಟ ಹತ್ತಿರಕ್ಕೇ ಒಗ್ಗಿಹೋಗುತ್ತದೆ ಎಂದು 1611ರಲ್ಲೇ ಬರೆದಿದ್ದರು. ಕೆಪ್ಲರ್‌ಗೂ ದೂರದ್ದು ಸರಿಯಾಗಿ ಕಾಣುತ್ತಿರಲಿಲ್ಲ. ಲಂಡನ್ನಿನ ವೈದ್ಯ ಜೇಮ್ಸ್ ವೇರ್ 1813ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಆಕ್ಸ್‌ಫರ್ಡ್‌ನ ಒಂದು ಕಾಲೇಜನ್ನೂ ಚೆಲ್ಸೀ ಸೈನಿಕ ಶಾಲೆಯನ್ನೂ ಅಕ್ಕಪಕ್ಕ ಇಟ್ಟರು. ಕಾಲೇಜಿನ 127 ವಿದ್ಯಾರ್ಥಿಗಳಲ್ಲಿ 32 ಮಂದಿ ಕನ್ನಡಕವನ್ನೋ ಕೈಗಾಜನ್ನೋ ಬಳಸುತ್ತಿದ್ದರು. ಸೈನಿಕ ಶಾಲೆಯ 1,300 ಮಕ್ಕಳಲ್ಲಿ ತೊಂದರೆ ಹೇಳಿಕೊಂಡವರು ಮೂವರೇ.

ಕನ್ನಡ ನಾಡಿನಲ್ಲೂ ಕನ್ನಡಕಕ್ಕೆ ಹಳೆಯ ನೆನಪಿದೆ. ವಿಜಯನಗರದ ರಾಜಗುರು ವ್ಯಾಸರಾಯರ ಜೀವನವನ್ನು ಹೇಳುವ ಸೋಮನಾಥ ಕವಿಯ ಸಂಸ್ಕೃತ ಕೃತಿ ‘ವ್ಯಾಸಯೋಗಿಚರಿತ’ದಲ್ಲಿ, 1520ರ ಸುಮಾರಿಗೆ ಅವರು ಕನ್ನಡಕ ಧರಿಸಿ ಗ್ರಂಥ ಓದುತ್ತಿದ್ದ ಉಲ್ಲೇಖ ಬರುತ್ತದೆ. ಆದರೆ ಅದು ವಯಸ್ಸಾದವರು ಹತ್ತಿರದ ಅಕ್ಷರ ಓದಲು ಹಾಕುವ ಉಬ್ಬುಗಾಜಿನ ಕನ್ನಡಕವಾಗಿದ್ದಿರಬೇಕು. ನಲವತ್ತಕ್ಕೆ ಬರುವ ಆ ತೊಂದರೆಗೆ ನಮ್ಮಲ್ಲಿ ‘ಚಾಳೀಸು’ ಎಂಬ ಮಾತೇ ಇದೆ. ಮಕ್ಕಳ ದೂರದ ಮಸುಕಿಗೆ ಮಾತ್ರ ಮನೆಮಾತಿನಲ್ಲಿ ಅಂಥ ಪ್ರತ್ಯೇಕ ಹೆಸರು ನೆಲೆಗೊಳ್ಳಲಿಲ್ಲ. ಸಮೀಪದೃಷ್ಟಿ ಎಂಬ ಪದ ಪಠ್ಯಪುಸ್ತಕದಲ್ಲಿದೆ. ತಾಯಂದಿರ ಬಾಯಲ್ಲಿ ಇರುವುದು ‘ಬೋರ್ಡು ಕಾಣ್ತಿಲ್ಲವಂತೆ’, ‘ಮೈನಸ್ ಎರಡು ಬಂದಿದೆ’, ‘ಈ ವರ್ಷ ಮತ್ತೆ ನಂಬರ್ ಜಾಸ್ತಿಯಾಯ್ತು’.

ಆ ನಂಬರ್ ಜಾಸ್ತಿಯಾಗುವುದು ಎಂದರೇನು? ಹುಟ್ಟಿದ ಕೂಸಿನ ಕಣ್ಣು ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿಲಿಮೀಟರ್ ಉದ್ದ. ಆ ಗಾತ್ರ ಚಿಕ್ಕದಾದ್ದರಿಂದ ಬಹುತೇಕ ಶಿಶುಗಳಿಗೆ ಒಂದಿಷ್ಟು ಪ್ಲಸ್ ಪವರ್ ಇರುತ್ತದೆ. ಮೊದಲ ಎರಡು ಮೂರು ವರ್ಷಗಳಲ್ಲಿ ಕಣ್ಣು ಭರದಿಂದ ಬೆಳೆಯುತ್ತದೆ, ಆಮೇಲೆ ನಿಧಾನಿಸುತ್ತದೆ. ಮಸೂರದ ಬಲಕ್ಕೂ ಕಣ್ಣಿನ ಉದ್ದಕ್ಕೂ ಹೊಂದಿಕೆಯಾದಾಗ ದೂರದ ಚಿತ್ರ ಅಕ್ಷಿಪಟಲದ ಮೇಲೆ ಸರಿಯಾಗಿ ಬೀಳುತ್ತದೆ. ದೊಡ್ಡವರ ಕಣ್ಣು ಸುಮಾರು 24 ಮಿಲಿಮೀಟರ್. ಕೆಲವು ಮಕ್ಕಳಲ್ಲಿ ಈ ಬೆಳವಣಿಗೆ ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ. ಉದ್ದ ಒಂದೇ ಒಂದು ಮಿಲಿಮೀಟರ್ ಮೀರಿದರೂ ಸುಮಾರು ಎರಡೂವರೆ ಡಯಾಪ್ಟರ್‌ನಷ್ಟು ಮೈನಸ್ ಸೇರಿಕೊಳ್ಳುತ್ತದೆ.

ಬೋರ್ಡು ಕಾಣದ ಮಗುವಿನ ಕಣ್ಣಿನಲ್ಲಿ ಹಾಗಾದರೆ ಆಗಿರುವುದು ದೌರ್ಬಲ್ಯವಲ್ಲ, ಅತಿಬೆಳವಣಿಗೆ. ಎಂಟನೇ ವಯಸ್ಸಿಗೆ ಶುರುವಾದರೆ ಹದಿಹರೆಯ ಮುಗಿಯುವವರೆಗೂ ಉದ್ದವಾಗಲು ಕಣ್ಣಿಗೆ ವರ್ಷಗಳೇ ಸಿಗುತ್ತವೆ. ಹದಿನಾಲ್ಕಕ್ಕೆ ಶುರುವಾದರೆ ಅಷ್ಟು ಅವಕಾಶವಿಲ್ಲ. ಕಣ್ಣು ಹಿಗ್ಗಿದಂತೆ ಅದರ ಬಿಳಿಯ ಹೊರಪದರ ತೆಳುವಾಗುತ್ತದೆ, ರಕ್ತನಾಳಗಳ ನಡುಪದರ ತೆಳುವಾಗುತ್ತದೆ, ಒಳಗಿನ ಅಕ್ಷಿಪಟಲ ಎಳೆದು ಕಟ್ಟಿದ ಬಟ್ಟೆಯಂತೆ ಬಿಗಿಯಾಗುತ್ತದೆ. ಮೈನಸ್ ಆರು ದಾಟಿದವರಲ್ಲಿ ಮುಂದೆ ಅಕ್ಷಿಪಟಲ ಹರಿಯುವ, ಕಳಚುವ, ನೋಟದ ನಡುಭಾಗ ಸವೆಯುವ ಅಪಾಯ ಹೆಚ್ಚು. ಸೋಡಾಬುಡ್ಡಿ ಕನ್ನಡಕ ಬೋರ್ಡನ್ನು ಸ್ಪಷ್ಟ ಮಾಡುತ್ತದೆ. ಹಿಗ್ಗಿದ ಕಣ್ಣನ್ನು ಅದು ಕುಗ್ಗಿಸಲಾರದು.

ಕೋನ್ ಶಾಲೆಗಳಿಗೆ ಕಾಲಿಡುವ ಹೊತ್ತಿಗೆ ಈ ರಹಸ್ಯ ಅರ್ಧ ಬಯಲಾಗಿತ್ತು. ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ನೇತ್ರದರ್ಶಕವನ್ನು ಪರಿಚಯಿಸಿದ್ದು 1851ರಲ್ಲಿ. ಜೀವಂತ ಕಣ್ಣಿನ ಒಳಗೋಡೆ ಆಗ ಮೊದಲ ಬಾರಿಗೆ ವೈದ್ಯರಿಗೆ ಕಂಡಿತು. ಅದೇ ದಶಕದಲ್ಲಿ ಆಸ್ಟ್ರಿಯಾದ ಫರ್ಡಿನಾಂಡ್ ಫಾನ್ ಆರ್ಲ್ಟ್ ಸತ್ತವರ ಕಣ್ಣುಗಳನ್ನು ಕತ್ತರಿಸಿ ನೋಡಿ, ಸಮೀಪದೃಷ್ಟಿಯ ಕಣ್ಣು ಉದ್ದವಾಗಿರುತ್ತದೆ ಎಂದು ತೋರಿಸಿದರು. ಹಾಲೆಂಡಿನ ನೇತ್ರವೈದ್ಯ ಸ್ನೆಲೆನ್ ಅವರ ಅಕ್ಷರಪಟ ಬಂದದ್ದು 1862ರಲ್ಲಿ, ಅವರ ಹಿರಿಯ ಸಹೋದ್ಯೋಗಿ ಡಾಂಡರ್ಸ್ ದೃಷ್ಟಿದೋಷಗಳನ್ನು ವಿಂಗಡಿಸಿದ ಮಹಾಗ್ರಂಥ ಬಂದದ್ದು 1864ರಲ್ಲಿ. ಅಳೆಯುವ ಸಾಧನ ಕೈಗೆ ಬಂದಿತ್ತು. ಅದನ್ನು ಮಕ್ಕಳ ಬಳಿಗೆ ಒಯ್ಯುವವರು ಬೇಕಿತ್ತು.

ಕೋನ್ ಎಣಿಸಿ ಸುಮ್ಮನಾಗಲಿಲ್ಲ. ಕತ್ತಲೆ ಕೋಣೆಗಳಲ್ಲಿ, ಎತ್ತರ ಹೊಂದದ ಬೆಂಚುಗಳಲ್ಲಿ, ಸಣ್ಣ ಅಚ್ಚಿನ ಪುಸ್ತಕದ ಮೇಲೆ ಮೂಗು ತಾಗುವಷ್ಟು ಬಾಗಿದ ಮಕ್ಕಳನ್ನು ಅವರು ಕಣ್ಣಾರೆ ಕಂಡಿದ್ದರು. ಮಗುವಿನ ಎತ್ತರಕ್ಕೆ ತಕ್ಕ ಮೇಜು, ದೊಡ್ಡ ಅಚ್ಚು, ನೆಲದ ವಿಸ್ತೀರ್ಣದ ಐದನೇ ಒಂದರಷ್ಟು ಕಿಟಕಿಯ ಗಾಜು, ಪ್ರತಿ ಶಾಲೆಗೊಬ್ಬ ವೈದ್ಯ ಬೇಕೆಂದು ದಶಕಗಳ ಕಾಲ ವಾದಿಸಿದರು. ಶಾಲೆಯಲ್ಲಿ ಬೆಳಕು ಅತಿಯಾಯಿತು ಎನ್ನುವುದು ಸಾಧ್ಯವೇ ಇಲ್ಲ ಎಂಬುದು ಅವರ ನಿಲುವು. ಯುರೋಪಿನಾದ್ಯಂತ ಶಾಲಾ ಪೀಠೋಪಕರಣ ಬದಲಾಯಿತು. ಮಗುವಿನ ತಲೆ ಬಾಗದಂತೆ ಗದ್ದಕ್ಕೆ, ಹಣೆಗೆ ಆನಿಸುವ ಕಬ್ಬಿಣದ ಚೌಕಟ್ಟುಗಳೂ ಮಾರುಕಟ್ಟೆಗೆ ಬಂದವು.

ಆಮೇಲೆ ಗಾಳಿ ತಿರುಗಿತು. 1909ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಮತ್ತು ಎಮಿ ಬ್ಯಾರಿಂಗ್ಟನ್, ನೋಟವನ್ನು ನಿರ್ಧರಿಸುವುದು ಪರಿಸರಕ್ಕಿಂತ ವಂಶ ಎಂದು ವಾದಿಸಿದರು. ಜ್ಯೂರಿಕ್‌ನ ಅಡಾಲ್ಫ್ ಸ್ಟೈಗರ್ 1913ರಲ್ಲಿ ಅದೇ ದಿಕ್ಕಿಗೆ ತೂಕ ಹಾಕಿದರು. ಅವಳಿಗಳ ಮೇಲಿನ ಅಧ್ಯಯನಗಳು ಅದನ್ನು ಬಲಪಡಿಸಿದವು. ತಂದೆತಾಯಿಗೆ ಕನ್ನಡಕವಿದ್ದರೆ ಮಗುವಿಗೂ ಬರುವ ಸಂಭವ ಹೆಚ್ಚು ಎಂಬುದು ಇಂದಿಗೂ ನಿಜ. ಆದರೆ ‘ರಕ್ತದಲ್ಲೇ ಬಂದದ್ದು’ ಎಂದ ಮೇಲೆ ಶಾಲೆಯನ್ನು ಪ್ರಶ್ನಿಸುವವರು ಕಡಿಮೆಯಾದರು. ಬ್ರೆಸ್ಲಾವ್‌ನ ಎಣಿಕೆ ಅರ್ಧ ಶತಮಾನ ಮೂಲೆಗೆ ಸರಿಯಿತು.

ಅದನ್ನು ಮತ್ತೆ ಮುಂದಕ್ಕೆ ತಂದದ್ದು ಅಲಾಸ್ಕಾದ ತುದಿಯಲ್ಲಿರುವ, ಆಗ ಬ್ಯಾರೋ ಎನ್ನುತ್ತಿದ್ದ ಹಿಮದ ಊರು. ಫ್ರಾನ್ಸಿಸ್ ಯಂಗ್ ಮತ್ತು ಸಂಗಡಿಗರು 1969ರಲ್ಲಿ ಅಲ್ಲಿನ ಇನ್ಯೂಟ್ ಕುಟುಂಬಗಳ ಅಧ್ಯಯನ ಪ್ರಕಟಿಸಿದರು. ಶಾಲೆಯ ಮುಖವನ್ನೇ ಹೆಚ್ಚು ಕಾಣದೆ ಬೇಟೆಯಾಡಿ ಬದುಕಿದ ಅಜ್ಜ ಅಜ್ಜಿಯರಲ್ಲಿ ಸಮೀಪದೃಷ್ಟಿ ಇಲ್ಲವೆನ್ನುವಷ್ಟು ಅಪರೂಪ; ಶಾಲೆಗೆ ಹೋದ ಮೊಮ್ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದು ಬಂದಿತ್ತು. ಎರಡು ತಲೆಮಾರಿನಲ್ಲಿ ವಂಶವಾಹಿಗಳು ಹಾಗೆ ಬದಲಾಗುವುದಿಲ್ಲ.

ಮುಂದಿನ ಸಾಕ್ಷಿ ಪ್ರಯೋಗಶಾಲೆಯ ಪ್ರಾಣಿಗಳಿಂದ ಬಂತು. ಮುಂದೆ ನೊಬೆಲ್ ಪಡೆದ ಟಾರ್ಸ್ಟೆನ್ ವೀಸಲ್, ಎಲಿಯೊ ರಾವಿಯೋಲಾ ಜೊತೆಗೂಡಿ 1977ರಲ್ಲಿ ಒಂದು ವಿಚಿತ್ರವನ್ನು ವರದಿ ಮಾಡಿದರು. ರೆಪ್ಪೆ ಹೊಲಿದ ಕೋತಿಮರಿಗಳ ಕಣ್ಣು ಅತಿಯಾಗಿ ಉದ್ದವಾಗಿತ್ತು. ಮರುವರ್ಷ ನ್ಯೂಯಾರ್ಕಿನ ಜಾಶ್ ವಾಲ್ಮನ್ ತಂಡ ಕೋಳಿಮರಿಗಳಲ್ಲಿ ಅದನ್ನೇ ಕಂಡಿತು. 1988ರಲ್ಲಿ ಫ್ರಾಂಕ್ ಶೇಫೆಲ್ ಮತ್ತು ಜೊತೆಗಾರರು ಕೋಳಿಮರಿಗಳಿಗೆ ಪುಟ್ಟ ಮಸೂರ ಕಟ್ಟಿದಾಗ, ಕಣ್ಣು ಆ ಮಸೂರಕ್ಕೆ ಹೊಂದುವಷ್ಟು ಹೆಚ್ಚೋ ಕಡಿಮೆಯೋ ಬೆಳೆಯಿತು. ಮಿದುಳಿಗೆ ಹೋಗುವ ನರವನ್ನು ಕತ್ತರಿಸಿದರೂ ಈ ಬೆಳವಣಿಗೆ ನಡೆಯುತ್ತದೆ ಎಂಬುದು ಇನ್ನೂ ದೊಡ್ಡ ಅಚ್ಚರಿ. ಎಷ್ಟು ಬೆಳೆಯಬೇಕೆಂಬ ಲೆಕ್ಕವನ್ನು, ತನ್ನ ಮೇಲೆ ಬಿದ್ದ ಚಿತ್ರವನ್ನು ನೋಡಿ, ಅಕ್ಷಿಪಟಲ ತಾನೇ ಹಾಕುತ್ತದೆ.

ಹಾಗಿದ್ದರೆ ಆ ಲೆಕ್ಕ ತಪ್ಪುವುದು ಓದಿನಿಂದ ಮಾತ್ರವೇ? 2008ರಲ್ಲಿ ಕ್ಯಾಥರಿನ್ ರೋಸ್ ಮತ್ತು ಸಹೋದ್ಯೋಗಿಗಳು ಆರೇಳು ವರ್ಷದ ಚೀನೀ ಮೂಲದ ಮಕ್ಕಳನ್ನು ಎರಡು ನಗರಗಳಲ್ಲಿ ಹೋಲಿಸಿದರು. ಸಿಂಗಾಪುರದಲ್ಲಿ ಶೇಕಡಾ 29.1 ಮಕ್ಕಳಿಗೆ ಸಮೀಪದೃಷ್ಟಿ, ಸಿಡ್ನಿಯಲ್ಲಿ ಕೇವಲ 3.3. ಸಿಡ್ನಿಯ ಮಕ್ಕಳು ಓದಿದ ಪುಸ್ತಕಗಳು ಹೆಚ್ಚೇ ಇದ್ದವು. ಎದ್ದು ಕಂಡ ವ್ಯತ್ಯಾಸ ಬಯಲಿನದು: ಅವರು ವಾರಕ್ಕೆ ಸುಮಾರು 14 ಗಂಟೆ ಹೊರಗೆ ಕಳೆಯುತ್ತಿದ್ದರು, ಸಿಂಗಾಪುರದವರು ಮೂರು ಗಂಟೆ.

ಕೋನ್ ಬಯಸಿದ ಬೆಳಕು ಇಲ್ಲಿ ಬೇರೆ ಅರ್ಥದಲ್ಲಿ ಮರಳಿ ಬಂತು. ಅಕ್ಷರ ಚೆನ್ನಾಗಿ ಕಂಡರೆ ಮಗು ಬಾಗುವುದಿಲ್ಲ ಎಂದು ಅವರು ಬೆಳಕು ಕೇಳಿದ್ದರು. ಪ್ರಖರ ಬೆಳಕು ತಾನೇ ಮದ್ದು ಎಂಬುದು ಈಗಿನ ತಿಳಿವಳಿಕೆ. ಅದು ಅಕ್ಷಿಪಟಲದಲ್ಲಿ ಡೋಪಮಿನ್ ಸ್ರವಿಸುವಂತೆ ಮಾಡುತ್ತದೆ, ಆ ಡೋಪಮಿನ್ ಕಣ್ಣಿನ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ಸೂಚಿಸುತ್ತವೆ. ಸಾಮಾನ್ಯ ತರಗತಿಯೊಳಗಿನ ಬೆಳಕು ಕೆಲವು ನೂರು ಲಕ್ಸ್. ಹೊರಗೆ ಮರದ ನೆರಳಿನಲ್ಲೇ ಸಾವಿರಾರು.

ಚೀನಾದ ಗುವಾಂಗ್‌ಝೌನಲ್ಲಿ 12 ಶಾಲೆಗಳನ್ನು ಆರಿಸಿ, ಅರ್ಧದಷ್ಟು ಶಾಲೆಗಳಲ್ಲಿ ಒಂದನೇ ತರಗತಿಯಿಂದ ದಿನಕ್ಕೆ 40 ನಿಮಿಷದ ಹೊರಾಂಗಣ ಪೀರಿಯಡ್ ಸೇರಿಸಲಾಯಿತು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ವರ್ಷದಲ್ಲಿ ಈ ಶಾಲೆಗಳಲ್ಲಿ ಶೇಕಡಾ 30.4 ಮಕ್ಕಳಿಗೆ ಸಮೀಪದೃಷ್ಟಿ ಬಂದರೆ, ಉಳಿದವುಗಳಲ್ಲಿ 39.5. ಬಯಲಿನ ಬಲ ಹೆಚ್ಚು ಕಾಣುವುದು ಕನ್ನಡಕ ಬರುವ ಮುಂಚೆ. ಬಂದ ಮೇಲೆ ಬೆಳವಣಿಗೆಯನ್ನು ನಿಧಾನಿಸಲು ವೈದ್ಯರು ತೆಳುವಾದ ಅಟ್ರೋಪಿನ್ ಹನಿಯನ್ನೂ ವಿಶೇಷ ಮಸೂರಗಳನ್ನೂ ಬಳಸುತ್ತಾರೆ. ಆ ಹನಿಯ ಬಗ್ಗೆ ಸಿಂಗಾಪುರದ ಪರೀಕ್ಷೆಗಳು ದಾರಿ ತೋರಿದವು. ನಮ್ಮ ದೆಹಲಿಯಲ್ಲಿ 9,884 ಶಾಲಾಮಕ್ಕಳನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡಾ 13.1ರಷ್ಟು ಮಕ್ಕಳಿಗೆ ಸಮೀಪದೃಷ್ಟಿ ಇತ್ತು. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಹೊರಗೆ ಆಡುವವರಲ್ಲಿ ಅದು ಕಡಿಮೆ.

ಹೊರಗಿನ ಆಟವಿಲ್ಲದ ದಾರಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಎರಡು ಊರುಗಳು ತೋರಿಸಿವೆ. 2010ರಲ್ಲಿ ದಕ್ಷಿಣ ಕೊರಿಯಾದ ಸಿಯೋಲ್‌ನಲ್ಲಿ ಸೈನ್ಯದ ತಪಾಸಣೆಗೆ ಬಂದ 19 ವರ್ಷದ ಹುಡುಗರಲ್ಲಿ ಶೇಕಡಾ 96.5 ಮಂದಿಗೆ ಸಮೀಪದೃಷ್ಟಿ ಇತ್ತು. ಚೀನಾದ ಫೀಚೆಂಗ್‌ನಲ್ಲಿ ಆರು ವರ್ಷದ ಮಕ್ಕಳಲ್ಲಿ ಅದರ ಪ್ರಮಾಣ ಹಿಂದಿನ ಐದು ವರ್ಷ ಶೇಕಡಾ 5.7 ದಾಟಿರಲಿಲ್ಲ, ಕೋವಿಡ್‌ನಿಂದ ಮಕ್ಕಳು ಮನೆಯೊಳಗೇ ಉಳಿದ 2020ರಲ್ಲಿ 21.5ಕ್ಕೆ ಏರಿತು.

ತೈವಾನ್‌ನ ಕಾವೋಸಿಯುಂಗ್ ಬಳಿಯ ಒಂದು ಶಾಲೆ ಸರಳ ಕೆಲಸ ಮಾಡಿತು. ಬಿಡುವಿನ ಗಂಟೆ ಹೊಡೆದೊಡನೆ ಯಾರೂ ತರಗತಿಯಲ್ಲಿ ಕೂರಬಾರದು, ಎಲ್ಲರೂ ಹೊರಗೆ ಹೋಗಬೇಕು. ಒಂದು ವರ್ಷದಲ್ಲಿ ಅಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ಶೇಕಡಾ 8.41, ಈ ನಿಯಮವಿಲ್ಲದ ಪಕ್ಕದ ಶಾಲೆಯಲ್ಲಿ 17.65. ಹರ್ಮನ್ ಕೋನ್ ಅಳತೆ ಹಿಡಿದು ತಿದ್ದಲು ಹೊರಟಿದ್ದ ಮೇಜು ಬೆಂಚುಗಳು ಆ ಶಾಲೆಯಲ್ಲಿ ಬಿಡುವಿನ ಹೊತ್ತಿನಲ್ಲಿ ಖಾಲಿ ಇರುತ್ತಿದ್ದವು, ಮಕ್ಕಳು ಅಂಗಳದಲ್ಲಿ ಇರುತ್ತಿದ್ದರು.